ಬಾಯಿಮಾತಿನ ಆದೇಶ, ಬರಹದ ಹೊಣೆ: ಅಪರಾಧ ಕಥನದಲ್ಲಿ ತಲೆದಂಡ



ಪತ್ತೇದಾರಿ ಕಾದಂಬರಿ ಕೈಗೆತ್ತಿಕೊಂಡ ಓದುಗನಿಗೆ ಮೊದಲ ಪುಟದಿಂದಲೇ ಒಂದು ಪ್ರಶ್ನೆ ಬೆನ್ನು ಹತ್ತುತ್ತದೆ: ಕೊಂದವನು ಯಾರು? ಉತ್ತರ ಸಿಕ್ಕಿತೆಂದರೆ ಪುಸ್ತಕ ಮುಚ್ಚುತ್ತಾನೆ. ಪೊಲೀಸ್ ಠಾಣೆಯೊಳಗೆ ದುಡಿಯುವವರ ನಿದ್ದೆಗೆಡಿಸುವ ಪ್ರಶ್ನೆ ಇನ್ನೊಂದಿದೆ. ಕೇಸು ಕೆಟ್ಟರೆ ತಲೆದಂಡ ಯಾರದ್ದು? ಇಂದು ಈ ಎರಡನೆಯ ಪ್ರಶ್ನೆಯನ್ನು ಹಿಡಿದುಕೊಂಡು ಅಪರಾಧ ಕಥನವನ್ನು ಓದಲು ಯತ್ನಿಸುತ್ತೇನೆ. ನನ್ನ ವಾದ ಇಷ್ಟು: ತನಿಖೆಯ ವ್ಯವಸ್ಥೆಯಲ್ಲಿ ಆದೇಶ ಬಾಯಿಮಾತಿನಲ್ಲಿ ಇಳಿದು ಬರುತ್ತದೆ, ಹೊಣೆ ಬರಹದಲ್ಲಿ ಉಳಿಯುತ್ತದೆ. ಈ ಎರಡರ ನಡುವೆ ಇರುವ ಸಂದಿಯಲ್ಲಿ ಬಲಿಪಶು ಹುಟ್ಟುತ್ತಾನೆ. ಜಗತ್ತಿನ ಒಳ್ಳೆಯ ಅಪರಾಧ ಕಥೆಗಾರರು ಆ ಸಂದಿಯೊಳಗೆ ಇಣುಕಿದ್ದಾರೆ. ಕನ್ನಡದ ಪತ್ತೇದಾರಿ ಕಾದಂಬರಿ ಬಹುಕಾಲ ಆ ಕಡೆ ಮುಖ ಹಾಕಲಿಲ್ಲ. ಆದರೆ ನಮ್ಮದೇ ಬೆಂಗಳೂರಿನ ಕೋಣನಕುಂಟೆಯ ಒಂದು ಮನೆಯ ಮುಂದೆ 1991ರಲ್ಲಿ ನಡೆದ ಕಾಯುವಿಕೆಯಲ್ಲಿ ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಇತ್ತು.

ಮೊದಲು ಆ ಸಂದಿ ಹೇಗೆ ಉಂಟಾಗುತ್ತದೆಂದು ನೋಡೋಣ. ಒಂದು ಕೊಲೆ ಪ್ರಕರಣ ದಾಖಲಾದ ಗಳಿಗೆಯಿಂದ ತನಿಖಾಧಿಕಾರಿಯ ಹೆಸರು ಕಾಗದದ ಮೇಲೆ ಬೀಳತೊಡಗುತ್ತದೆ. ಸ್ಥಳ ಮಹಜರಿಗೆ ಸಹಿ, ಶವ ಪಂಚನಾಮೆಗೆ ಸಹಿ, ವಶಪಡಿಸಿಕೊಂಡ ಚಾಕು, ಅಂಗಿ, ಚಪ್ಪಲಿಗಳ ಪಟ್ಟಿಗೆ ಸಹಿ, ದಿನದಿನದ ಕೇಸ್ ಡೈರಿಗೆ ಸಹಿ. ಬರೆಯುವವರು ಬಹುಮಟ್ಟಿಗೆ ಠಾಣೆಯ ರೈಟರ್, ಹೆಸರು ಅಧಿಕಾರಿಯದು. ಇದೆಲ್ಲ ನಡೆಯುತ್ತಿರುವಾಗಲೇ ಇನ್ನೊಂದು ತನಿಖೆ ಫೋನಿನಲ್ಲಿ ಸಾಗಿರುತ್ತದೆ. ‘ಆತನನ್ನು ಸದ್ಯಕ್ಕೆ ಮುಟ್ಟಬೇಡಿ’, ‘ನಾಳೆ ಪ್ರೆಸ್ ಮೀಟ್ ಇದೆ, ಅಷ್ಟರೊಳಗೆ ಏನಾದರೂ ತೋರಿಸಿ’. ಈ ಮಾತುಗಳಿಗೆ ಡೈರಿಯಲ್ಲಿ ಕಾಲಂ ಇಲ್ಲ. ಕೇಸು ಗೆದ್ದ ದಿನ ಮೇಜಿನ ಮೇಲೆ ಹರವಿದ ಒಡವೆಗಳ ಹಿಂದೆ ನಡುವಿನ ಕುರ್ಚಿಯಲ್ಲಿ ಕೂರುವವರು ಒಬ್ಬರು. ಸೋತ ದಿನ ‘ಕರ್ತವ್ಯಲೋಪ: ಪಿಎಸ್‌ಐ ಅಮಾನತು’ ಎಂಬ ಎರಡು ಕಾಲಂ ಸುದ್ದಿಯಲ್ಲಿ ಬರುವವರು ಇನ್ನೊಬ್ಬರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಮಾಡಿದವರು ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿದ್ದಿರಬೇಕು.

ಇಲ್ಲಿ ಯಾರೊಬ್ಬರ ದುಷ್ಟತನವನ್ನು ಹುಡುಕುವ ಅಗತ್ಯವಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಮೇಲಿನ ಅಧಿಕಾರಿ ಕೇಡಿಗನೇ ಆಗಿರಬೇಕಿಲ್ಲ. ಅವರಿಗೂ ಮೇಲಿನವರಿದ್ದಾರೆ, ವಿಧಾನಸಭೆಯಲ್ಲಿ ಉತ್ತರ ಕೊಡಬೇಕಾದ ಮಂತ್ರಿಗಳಿದ್ದಾರೆ. ಜನ ಸಿಟ್ಟಾದಾಗ ಸರ್ಕಾರಕ್ಕೆ ಸಂಜೆಯೊಳಗೆ ಒಂದು ಆದೇಶ ಬೇಕು. ಅಮಾನತು ಅಷ್ಟು ಬೇಗ ಹೊರಡಿಸಬಹುದಾದ ಆದೇಶ. ಯಾರ ಸಹಿ ಕಣ್ಣಿಗೆ ಬೀಳುತ್ತದೋ ಅವರ ಹೆಸರು ಅದರಲ್ಲಿ ಕೂರುತ್ತದೆ. ಅಪರಾಧ ಕಥನದ ದೃಷ್ಟಿಯಿಂದ ಇದು ಎರಡನೆಯ ಅಪರಾಧ. ಮೊದಲನೆಯದರಲ್ಲಿ ಸುಳಿವು ಸಿಗುತ್ತದೆ. ಇದರಲ್ಲಿ ಸುಳಿವನ್ನು ಅಳಿಸುವ ಅಧಿಕಾರವೇ ಅಪರಾಧಿಯ ಕೈಯಲ್ಲಿರುತ್ತದೆ.

ಈಗ ಕನ್ನಡದ ಪರಂಪರೆಗೆ ಬರೋಣ. ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ ಬಂದದ್ದು 1952ರಲ್ಲಿ. ನಾಲ್ಕನೆಯ ತರಗತಿಯವರೆಗೆ ಓದಿದ್ದ, ಬಸ್ ಕಂಡಕ್ಟರಿಕೆಯೂ ಸೇರಿ ಹತ್ತಾರು ಕೆಲಸ ಮಾಡಿದ್ದ ಆ ಲೇಖಕರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರರಾದ ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಇವರೆಲ್ಲ ಒಂದು ಕಾಲದ ಕನ್ನಡಿಗರಿಗೆ ಮನೆಯ ನೆಂಟರಷ್ಟೇ ಪರಿಚಿತರು. ನರಸಿಂಹಯ್ಯನವರ ಸಮಕಾಲೀನರಾದ ಮ. ರಾಮಮೂರ್ತಿಯವರನ್ನು ನಾವು ಕನ್ನಡ ಬಾವುಟದ ರೂವಾರಿ ಎಂದು ನೆನೆಯುತ್ತೇವೆ. ಅವರು ಜನಪ್ರಿಯ ಪತ್ತೇದಾರಿ ಕಾದಂಬರಿಕಾರರೂ ಹೌದು. 1967ರಲ್ಲಿ ಅವರು ತೀರಿಕೊಂಡದ್ದು ಕೋಣನಕುಂಟೆಯಿರುವ ಕನಕಪುರ ರಸ್ತೆಯಲ್ಲೇ ಮುಂದಿರುವ ತಲಘಟ್ಟಪುರದಲ್ಲಿ, ಬಾವಿ ತೋಡುವಾಗಿನ ಅವಘಡದಲ್ಲಿ. ಆಮೇಲೆ ‘ಬಂಗಾರದ ಮನುಷ್ಯ’ದ ಟಿ.ಕೆ. ರಾಮರಾವ್, ಜಿಂದೆ ನಂಜುಂಡಸ್ವಾಮಿ ಮೊದಲಾದವರು ಈ ಹಾದಿಯನ್ನು ಮುಂದುವರಿಸಿದರು. ವಿಮರ್ಶಕರು ಇವರನ್ನು ಓದದೆಯೇ ತಳ್ಳಿಹಾಕಿದರು. ಓದುಗರು ಹಗಲು ಬಾಡಿಗೆಗೆ ತಂದ ಪುಸ್ತಕವನ್ನು ರಾತ್ರಿಯೇ ಮುಗಿಸಿ ಮರುದಿನ ಇನ್ನೊಂದಕ್ಕೆ ಬಂದರು. ಕನ್ನಡದಲ್ಲಿ ಓದುವ ಚಾಳಿಯನ್ನು ಇಷ್ಟು ಮಂದಿಗೆ ಹಚ್ಚಿದ ಇನ್ನೊಂದು ಪ್ರಕಾರ ನನಗೆ ಗೊತ್ತಿಲ್ಲ.

ಆ ಕಾದಂಬರಿಗಳ ಲೋಕದಲ್ಲಿ ಪತ್ತೇದಾರನನ್ನು ಗುಂಡು, ವಿಷ, ಕತ್ತಲ ಬಂಗಲೆ ಎಲ್ಲವೂ ಕಾಡುತ್ತವೆ, ವರ್ಗಾವಣೆ ಕಾಡುವುದಿಲ್ಲ. ಅವನಿಗೆ ಬಡ್ತಿ ತಪ್ಪುವುದಿಲ್ಲ. ಕಾರಣ ಕೇಳುವ ನೋಟಿಸ್ ಅವನ ಮೇಜಿಗೆ ಬರುವುದಿಲ್ಲ, ಏಕೆಂದರೆ ಅವನ ಮೇಜನ್ನೇ ನಾವು ಹೆಚ್ಚು ನೋಡಿಲ್ಲ. ಇದನ್ನು ಕೊರತೆಯೆಂದು ನಾನು ಹೇಳುತ್ತಿಲ್ಲ. ದಿನವಿಡೀ ಮಿಲ್ಲಿನಲ್ಲಿ, ಆಫೀಸಿನಲ್ಲಿ, ಡಿಪೋದಲ್ಲಿ ಮೇಲಿನವರ ಮುಖ ನೋಡಿ ಬಂದ ಓದುಗನಿಗೆ ಸಂಜೆ ಬೇಕಾಗಿದ್ದುದು ಮೇಲಿನವರೇ ಇಲ್ಲದ ಒಬ್ಬ ನಾಯಕ. ಆ ಸ್ವಾತಂತ್ರ್ಯವೇ ಪುಸ್ತಕದ ಬಾಡಿಗೆಗೆ ಸಿಗುತ್ತಿದ್ದ ಸುಖ ಎಂಬುದು ನನ್ನ ಊಹೆ.

ಪಶ್ಚಿಮದಲ್ಲೂ ಆರಂಭ ಹೀಗೆಯೇ ಆಯಿತು, ಒಂದು ವ್ಯತ್ಯಾಸದೊಂದಿಗೆ. 1887ರಲ್ಲಿ ಹೊರಬಂದ ಷರ್ಲಾಕ್ ಹೋಮ್ಸ್‌ನ ಮೊದಲ ಕಾದಂಬರಿಯಲ್ಲಿ ಸ್ಕಾಟ್ಲೆಂಡ್ ಯಾರ್ಡಿನ ಲೆಸ್ಟ್ರೇಡ್ ಮತ್ತು ಗ್ರೆಗ್ಸನ್ ಪರಸ್ಪರ ಹೊಟ್ಟೆಕಿಚ್ಚಿನಿಂದ ಕುದಿಯುವ ಸಹೋದ್ಯೋಗಿಗಳು. ಗ್ರೆಗ್ಸನ್ ಅವಸರದಲ್ಲಿ ತಪ್ಪು ಮನುಷ್ಯನನ್ನು ಬಂಧಿಸುತ್ತಾನೆ. ಕೊನೆಗೆ ಪತ್ರಿಕೆಯಲ್ಲಿ ಹೊಗಳಿಕೆ ಬರುವುದು ಇವರಿಬ್ಬರಿಗೇ. ಕೋನನ್ ಡಾಯ್ಲ್ ಇದನ್ನು ಹಾಸ್ಯವಾಗಿ ತೇಲಿಸಿಬಿಟ್ಟರು. ಹೋಮ್ಸ್‌ಗೆ ಸಂಬಳವಿಲ್ಲ, ಆದ್ದರಿಂದ ನಗಬಲ್ಲ. ಆ ನಗೆಯನ್ನು ತೆಗೆದು ನೋಡಿದರೆ ಉಳಿಯುವುದು ಕಚೇರಿ ರಾಜಕೀಯವೇ. ಮುಂದಿನ ಶತಮಾನದ ಲೇಖಕರು ಮಾಡಿದ್ದು ಇದನ್ನೇ. ಅವರು ಹೋಮ್ಸ್‌ನನ್ನು ಕಥೆಯಿಂದ ಹೊರಗೆ ಕಳಿಸಿ ಲೆಸ್ಟ್ರೇಡನ ಮನೆಗೆ ಹೋದರು.

ಇನ್ನು ಕೋಣನಕುಂಟೆ. 1991ರ ಮೇ 21ರ ರಾತ್ರಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಸಿಬಿಐ ಅಡಿಯಲ್ಲಿ ವಿಶೇಷ ತನಿಖಾ ದಳ ರಚನೆಯಾಗಿ, ಕರ್ನಾಟಕ ಕೇಡರಿನ ಐಪಿಎಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್ ಅದರ ಮುಖ್ಯಸ್ಥರಾದರು. ಸಂಚಿನ ಮುಂಚೂಣಿಯಲ್ಲಿದ್ದ ಶಿವರಾಸನ್ ಮತ್ತು ಶುಭಾ ತಮಿಳುನಾಡಿನಿಂದ ತಪ್ಪಿಸಿಕೊಂಡು ಬೆಂಗಳೂರು ಸೇರಿದರು. ಆಗಿನ ಕೋಣನಕುಂಟೆಯನ್ನು ಇಂದಿನವರು ಕಲ್ಪಿಸಿಕೊಳ್ಳುವುದು ಕಷ್ಟ. ಇವತ್ತು ಕೋಣನಕುಂಟೆ ಕ್ರಾಸ್ ಎಂದರೆ 2021ರ ಜನವರಿಯಲ್ಲಿ ತೆರೆದ ಮೆಟ್ರೊ ಹಸಿರು ಮಾರ್ಗದ ನಿಲ್ದಾಣ, ಅಪಾರ್ಟ್‌ಮೆಂಟುಗಳ ಗೋಡೆ, ಸಂಜೆಯ ಟ್ರಾಫಿಕ್. ಅಂದು ಅದು ನಗರದ ಅಂಚಿನ ಊರು. ಹೊಲದ ನಡುವೆ ಸೈಟು ಬಿದ್ದು ಅಲ್ಲೊಂದು ಇಲ್ಲೊಂದು ಹೊಸ ಮನೆ ಏಳುತ್ತಿದ್ದ ಜಾಗ. ಬಾಡಿಗೆಗೆ ಬಂದವರೆಲ್ಲ ಹೊಸಬರೇ ಆದ್ದರಿಂದ ಹೊಸಬರ ಮೇಲೆ ಅನುಮಾನ ಹುಟ್ಟುವುದಕ್ಕೆ ಕಾರಣವಿರಲಿಲ್ಲ.

ಆಗಸ್ಟ್ ತಿಂಗಳಲ್ಲಿ ಶೋಧದ ಬಲೆ ಬಿಗಿಯಿತು. ಮಂಡ್ಯ ಜಿಲ್ಲೆಯ ಮುತ್ತತ್ತಿಯ ಕಡೆ ಅಡಗಿದ್ದ ಅವರ ಸಂಗಡಿಗರ ಗುಂಪಿನಲ್ಲಿ ಸಯನೈಡ್ ಸಾವುಗಳಾದವು. ಅದೇ ದಿನಗಳಲ್ಲಿ ಕೋಣನಕುಂಟೆಯ ಮನೆಯ ಸುಳಿವು ಸಿಕ್ಕಿತು. ಪೊಲೀಸರು ಮನೆಯನ್ನು ಸುತ್ತುವರಿದರು. ಸುತ್ತುವರಿದು, ಕಾದರು.

ನನ್ನ ವಿಷಯದ ಪಾಲಿಗೆ ಈ ಕಾಯುವಿಕೆಯೇ ಮುಖ್ಯ. ಒಳಗಿದ್ದವರ ಕೊರಳಲ್ಲಿ ಸಯನೈಡ್ ಗುಳಿಗೆಗಳಿದ್ದವು. ಅವರನ್ನು ಜೀವಂತ ಹಿಡಿದರೆ ಸಂಚಿನ ಎಳೆಗಳೆಲ್ಲ ಸಿಗುತ್ತವೆ. ಸತ್ತರೆ ಕೇಸಿನ ನಡುಗಂಬವೇ ಬೀಳುತ್ತದೆ. ಆದ್ದರಿಂದ ರಾಷ್ಟ್ರೀಯ ಭದ್ರತಾ ದಳದ ಕಮಾಂಡೋಗಳು ಸಿದ್ಧವಾಗಬೇಕು, ವಿಷಕ್ಕೆ ಪ್ರತಿಮದ್ದು ಬೇಕು, ಮೇಲಿನಿಂದ ಅನುಮತಿ ಬರಬೇಕು. ಆ ಓಣಿಯಲ್ಲಿ ನಿಂತಿದ್ದ ಇಲಾಖೆಗಳನ್ನು ಲೆಕ್ಕ ಹಾಕಿ ನೋಡಿ. ನೆಲ ಕರ್ನಾಟಕ ಪೊಲೀಸರದು. ಕೇಸು ಸಿಬಿಐನ ವಿಶೇಷ ದಳದ್ದು. ಒಳನುಗ್ಗುವ ಕೆಲಸ ಕಮಾಂಡೋಗಳದು. ಒಬ್ಬೊಬ್ಬರಿಗೂ ಒಂದೊಂದು ವೈರ್‌ಲೆಸ್ ಸೆಟ್ಟು, ಒಬ್ಬೊಬ್ಬ ಸಾಹೇಬರು. ಗೇಟಿನ ಹತ್ತಿರ ನಿಂತವನಿಗೆ ಕಾಣುವ ದೂರ ಕೆಲವೇ ಮಾರು; ಅವನಿಗೆ ಬರಬೇಕಾದ ಆದೇಶ ದಾಟಬೇಕಾದ ಮೆಟ್ಟಿಲು ಹಲವು. ಆಗಸ್ಟ್ 20ರ ಬೆಳಿಗ್ಗೆ ಕಮಾಂಡೋಗಳು ಒಳಹೊಕ್ಕಾಗ ಶಿವರಾಸನ್ ತಲೆಗೆ ಗುಂಡು ಹೊಡೆದುಕೊಂಡು ಸತ್ತಿದ್ದ. ಶುಭಾ ಸೇರಿ ಉಳಿದ ಆರು ಮಂದಿ ವಿಷ ನುಂಗಿದ್ದರು. ಅದು ರಾಜೀವ್ ಗಾಂಧಿಯವರ ಹುಟ್ಟುಹಬ್ಬದ ದಿನವೂ ಆಗಿತ್ತು.

ಮರುದಿನದಿಂದಲೇ ಪ್ರಶ್ನೆ ಎದ್ದಿತು. ಮೊದಲೇ ನುಗ್ಗಿದ್ದರೆ? ಸ್ಥಳೀಯರು ತಯಾರಿದ್ದರೇ? ಕಾಯಿರಿ ಎಂದವರು ಯಾರು, ಯಾವ ಕಾರಣಕ್ಕೆ? ಕಾದದ್ದು ತಪ್ಪು ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ನುಗ್ಗಿ ನಾಲ್ಕು ಪೊಲೀಸರು ಸತ್ತಿದ್ದರೆ ಇದೇ ಪ್ರಶ್ನೆಗಳು ತಿರುವುಮುರುವಾಗಿ ಬರುತ್ತಿದ್ದವು. ನಾನು ಗಮನಿಸುವುದು ಬೇರೊಂದನ್ನು. ‘ಕಾಯಿರಿ’ ಎಂಬುದು ಬಹಳ ಹಗುರವಾದ ಆದೇಶ. ಹೇಳಿದವರಿಗೆ ಅದು ಅಂಟಿಕೊಳ್ಳುವುದಿಲ್ಲ. ‘ನುಗ್ಗಿ’ ಎಂದವರ ಹೆಸರು ಎಲ್ಲರಿಗೂ ನೆನಪಿರುತ್ತದೆ. ಹೊಣೆಯ ಭಯವಿರುವ ಯಾವುದೇ ಕಚೇರಿಯಲ್ಲಿ ಕಾಯುವ ಕಡೆಗೇ ತಕ್ಕಡಿ ವಾಲುವುದು ಇದರಿಂದಲೇ.

ಈ ಕಾಯುವಿಕೆಯನ್ನೇ ಕಥೆಯಾಗಿಸಿದ ಎ.ಎಂ.ಆರ್. ರಮೇಶ್ ಅವರ ‘ಸಯನೈಡ್’ ಚಿತ್ರ 2006ರಲ್ಲಿ ಬಂತು. ಕನ್ನಡದ ಅಪರಾಧ ಕಥನದಲ್ಲಿ ಅದಕ್ಕೆ ಸಿಗಬೇಕಾದ ಸ್ಥಾನ ಇನ್ನೂ ಸಿಕ್ಕಿಲ್ಲವೆಂದು ನನ್ನ ಅಭಿಪ್ರಾಯ. ಕೊಂದವರು ಯಾರೆಂದು ಪ್ರೇಕ್ಷಕರಿಗೆ ಮೊದಲೇ ಗೊತ್ತು, ಕೊನೆಗೆ ಏನಾಯಿತೆಂಬುದೂ ಗೊತ್ತು. ಆದರೂ ಚಿತ್ರ ಹಿಡಿದು ಕೂರಿಸುತ್ತದೆ. ಅದರ ಕುತೂಹಲವೆಲ್ಲ ಗೋಡೆಯ ಎರಡು ಬದಿಯ ಕಾಯುವಿಕೆಯಲ್ಲಿದೆ. ಒಳಗೆ ಸಾವಿಗೆ ಸಿದ್ಧರಾಗಿ ಕೂತವರು, ಅವರೊಡನೆ ಸಿಕ್ಕಿಕೊಂಡ ಒಂದು ಸಾಮಾನ್ಯ ಮನೆ. ಹೊರಗೆ ಅನುಮತಿಗಾಗಿ ಕೈಕೈ ಹಿಸುಕಿಕೊಳ್ಳುವ ಸಮವಸ್ತ್ರದವರು. ನಾಯಕನೊಬ್ಬ ಗೋಡೆ ಹಾರಿ ಎಲ್ಲವನ್ನೂ ಬಗೆಹರಿಸುವ ನಮ್ಮ ಪೊಲೀಸ್ ಚಿತ್ರಗಳ ರೂಢಿಗೆ ಇದು ತದ್ವಿರುದ್ಧ. ನಮ್ಮ ಪರದೆಯ ಪೊಲೀಸ್ ಅಧಿಕಾರಿಗಳು ಆದೇಶ ಮೀರುವುದಕ್ಕೆಂದೇ ಹುಟ್ಟಿದವರು. ಆದೇಶ ಪಾಲಿಸಿ ಸೋತವರನ್ನು ಪರದೆಯ ಮೇಲೆ ತಂದದ್ದು ಆ ಚಿತ್ರದ ಹೆಚ್ಚುಗಾರಿಕೆ.

ಇದೇ ತನಿಖೆಯ ಬಗ್ಗೆ ಮೂರು ಪುಸ್ತಕಗಳಿವೆ; ಮೂರನ್ನೂ ಒಟ್ಟಿಗಿಟ್ಟು ಓದಿದರೆ ಕಚೇರಿಯ ಮೂರು ಅಂತಸ್ತು ಹತ್ತಿಳಿದಂತಾಗುತ್ತದೆ. ಕಾರ್ತಿಕೇಯನ್ ಅವರು ಸಹೋದ್ಯೋಗಿ ರಾಧಾವಿನೋದ ರಾಜು ಅವರೊಡನೆ ಬರೆದ ಪುಸ್ತಕ 2004ರಲ್ಲಿ ಬಂತು. ಅದರ ಶೀರ್ಷಿಕೆಯಲ್ಲೇ ಸತ್ಯದ ವಿಜಯವಿದೆ. ಮುಖ್ಯ ತನಿಖಾಧಿಕಾರಿಯಾಗಿದ್ದ ಕೆ. ರಘೋತ್ತಮನ್ ನಿವೃತ್ತಿಯ ನಂತರ ಬರೆದದ್ದು ಇನ್ನೊಂದು. ಕೆಲವು ಎಳೆಗಳನ್ನು ಮೇಲಿನ ಹಂತದಲ್ಲಿ ಮುಚ್ಚಲಾಯಿತೆಂಬ ದೂರು ಅದರಲ್ಲಿದೆ. ಪತ್ರಕರ್ತ ಅನಿರುದ್ಧ್ಯ ಮಿತ್ರಾ ಅವರ ಪುಸ್ತಕ 2022ರದು. 2025ರಲ್ಲಿ ನಾಗೇಶ್ ಕುಕುನೂರ್ ಅದನ್ನು ವೆಬ್ ಸರಣಿಯಾಗಿ ಮಾಡಿದರು. ಒಂದೇ ಘಟನೆ, ಒಂದೇ ಸಾಕ್ಷ್ಯ. ಮುಖ್ಯಸ್ಥರ ಪುಸ್ತಕದಲ್ಲಿ ಅದು ಸಾಧನೆ, ಅವರ ಕೈಕೆಳಗಿನವರ ಪುಸ್ತಕದಲ್ಲಿ ಕಹಿ, ಹೊರಗಿನವನ ಪುಸ್ತಕದಲ್ಲಿ ರೋಚಕ ಕಥೆ. ಮನೆಯ ಸುತ್ತ ನಿಂತು ಕಾದ ಕಾನ್‌ಸ್ಟೆಬಲ್‌ಗಳ ಕಡೆಯಿಂದ ನೋಡಿದ ಪುಸ್ತಕವನ್ನು ನಾನು ಕಂಡಿಲ್ಲ.

ಈ ಕೇಸಿನಲ್ಲಿ ಬರಹದ ಶಕ್ತಿಯನ್ನು ತೋರಿಸುವ ಇನ್ನೊಂದು ಅಧ್ಯಾಯವಿದೆ. ಭಯೋತ್ಪಾದನೆ ತಡೆಗೆಂದು ಆಗ ಇದ್ದ ಟಾಡಾ ಕಾಯ್ದೆಯಡಿ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತಿತ್ತು. 19ರ ಹರೆಯದಲ್ಲಿ ಬಂಧಿತನಾದ ಪೇರರಿವಾಳನ್ ಶಿವರಾಸನ್‌ಗೆ ಬ್ಯಾಟರಿ ತಂದುಕೊಟ್ಟಿದ್ದ. ಅವು ಯಾತಕ್ಕೆಂದು ತನಗೆ ತಿಳಿದಿರಲಿಲ್ಲವೆಂದು ಆತ ಹೇಳಿದ್ದನ್ನು ತಾವು ದಾಖಲಿಸಲಿಲ್ಲವೆಂದು ಹೇಳಿಕೆ ಬರೆದುಕೊಂಡ ಅಧಿಕಾರಿಯೇ 2013ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಅಷ್ಟರಲ್ಲಿ ಎಷ್ಟು ನೀರು ಹರಿದಿತ್ತೆಂದರೆ, 1998ರಲ್ಲಿ ವಿಚಾರಣಾ ನ್ಯಾಯಾಲಯ 26 ಮಂದಿಗೂ ಮರಣದಂಡನೆ ವಿಧಿಸಿಯಾಗಿತ್ತು. 1999ರಲ್ಲಿ ಸುಪ್ರೀಂ ಕೋರ್ಟ್ ಅವರಲ್ಲಿ 19 ಮಂದಿಯನ್ನು ಬಿಟ್ಟು, ಪೇರರಿವಾಳನ್ ಸೇರಿ ನಾಲ್ವರ ಗಲ್ಲನ್ನು ಎತ್ತಿಹಿಡಿದಾಗಿತ್ತು. ಆತ ಬಿಡುಗಡೆಯಾದದ್ದು 2022ರ ಮೇ 18ರಂದು. ಬರೆದವರು ಇಡೀ ವಾಕ್ಯವನ್ನು ಸುಳ್ಳಾಗಿ ಕಟ್ಟಲಿಲ್ಲ. ಒಂದು ವಾಕ್ಯವನ್ನು ಬಿಟ್ಟರು. ಕಾದಂಬರಿಕಾರರಿಗೆ ಗೊತ್ತಿರುವ ವಿದ್ಯೆಯೇ ಇದು. ಏನನ್ನು ಬಿಡುತ್ತೇವೆಂಬುದರಿಂದ ಪಾತ್ರದ ಹಣೆಬರಹ ತೀರ್ಮಾನವಾಗುತ್ತದೆ.

ಈ ವಿಷಯದ ಮೇಲೆ ಇತ್ತೀಚೆಗೆ ಬಂದವುಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವ ಕಾದಂಬರಿ ಜಪಾನಿನದು. ಹಿದೆಯೊ ಯೊಕೊಯಾಮ ಅವರ ‘ಸಿಕ್ಸ್ ಫೋರ್’ 2012ರಲ್ಲಿ ಪ್ರಕಟವಾಯಿತು. ಯೊಕೊಯಾಮ ಮೊದಲು ಪತ್ರಿಕಾ ವರದಿಗಾರರಾಗಿದ್ದವರು. ಪೊಲೀಸ್ ಕಚೇರಿಯ ಮೊಗಸಾಲೆಯಲ್ಲಿ ಯಾರು ಯಾರನ್ನು ಕಂಡರೆ ಮುಖ ತಿರುಗಿಸುತ್ತಾರೆಂಬುದು ಅವರಿಗೆ ಚೆನ್ನಾಗಿ ಗೊತ್ತು. 1989ರ ಜನವರಿಯ ಮೊದಲ ವಾರ, ಚಕ್ರವರ್ತಿ ಹಿರೊಹಿಟೊ ಆಳ್ವಿಕೆಯ 64ನೆಯ ಹಾಗೂ ಕೊನೆಯ ವರ್ಷ, ಬರೀ ಏಳು ದಿನ ಬಾಳಿದ ವರ್ಷ. ಒಬ್ಬ ಹುಡುಗಿಯ ಅಪಹರಣವಾಗುತ್ತದೆ. ಹಣ ಕೊಟ್ಟರೂ ಹುಡುಗಿ ಹೆಣವಾಗಿ ಸಿಗುತ್ತಾಳೆ. ಅಪರಾಧಿ ಸಿಗುವುದಿಲ್ಲ. ಹದಿನಾಲ್ಕು ವರ್ಷಗಳ ನಂತರ, ಹಿಂದೆ ಪತ್ತೇದಾರನಾಗಿದ್ದು ಈಗ ಪತ್ರಿಕಾ ಸಂಪರ್ಕಕ್ಕೆ ತಳ್ಳಲ್ಪಟ್ಟ ಮಿಕಾಮಿ ಎಂಬ ಅಧಿಕಾರಿಗೆ ಒಂದು ಗುಟ್ಟಿನ ವಾಸನೆ ಬಡಿಯುತ್ತದೆ.

ಆ ಗುಟ್ಟು ಇದು. ಹುಡುಗಿಯ ಮನೆಯಲ್ಲಿ ಬೀಡುಬಿಟ್ಟಿದ್ದ ಪೊಲೀಸ್ ತಂಡದ ಎದುರೇ ಅಪಹರಣಕಾರನ ಕರೆ ಬಂದಿತ್ತು. ರೆಕಾರ್ಡರ್ ಓಡಲಿಲ್ಲ. ಅಪರಾಧಿಯ ದನಿ, ಇಡೀ ಕೇಸಿನ ಏಕೈಕ ಗಟ್ಟಿ ಸುಳಿವು, ಗಾಳಿಯಲ್ಲಿ ಕರಗಿತು. ತಂಡದ ನಾಯಕ ಅದನ್ನು ಮುಚ್ಚಿಹಾಕಿ, ಯಂತ್ರ ನೋಡಿಕೊಳ್ಳುತ್ತಿದ್ದ ಹಿಯೋಶಿ ಎಂಬ ಕಿರಿಯನ ಮೇಲೆ ಎಲ್ಲವನ್ನೂ ಹೇರುತ್ತಾನೆ. ಹಿಯೋಶಿ ಕೆಲಸ ಬಿಟ್ಟು ತನ್ನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಹದಿನಾಲ್ಕು ವರ್ಷ ಅದು ತೆರೆಯುವುದಿಲ್ಲ. ಕೋದ ಎಂಬ ಇನ್ನೊಬ್ಬ ಸದಸ್ಯ ನಡೆದದ್ದನ್ನು ನಡೆದಂತೆ ಬರೆದು ಮೇಲಿನವರಿಗೆ ಒಪ್ಪಿಸುತ್ತಾನೆ. ಆ ಟಿಪ್ಪಣಿಯನ್ನು ಮುಖ್ಯಸ್ಥರು ಅಡಗಿಸುತ್ತಾರೆ. ಮುಖ್ಯಸ್ಥರು ಬದಲಾದಂತೆ ಗುಟ್ಟು ಕುರ್ಚಿಯೊಂದಿಗೆ ಮುಂದಿನವರಿಗೆ ದಾಟುತ್ತದೆ. ಸತ್ಯ ಬರೆದ ಕೋದ ಇಲಾಖೆ ಬಿಡುತ್ತಾನೆ, ಅವನ ಮೇಲೆ ಕಣ್ಣಿಡಲು ಹಳೆಯ ಸಹೋದ್ಯೋಗಿಯನ್ನೇ ನೇಮಿಸಲಾಗುತ್ತದೆ.

ಇಲ್ಲಿ ಯೊಕೊಯಾಮ ಮಾಡಿದ ದೊಡ್ಡ ಕೆಲಸವೆಂದರೆ ಹಿಯೋಶಿಯ ತಾಯಿಯನ್ನು ನಮಗೆ ತೋರಿಸಿದ್ದು. ಬಲಿಪಶುವಿನ ಕಥೆಯಲ್ಲಿ ಸಾಮಾನ್ಯವಾಗಿ ಅಮಾನತಿನ ದಿನದೊಂದಿಗೆ ತೆರೆ ಬೀಳುತ್ತದೆ. ಮನೆಯಲ್ಲಿ ಏನಾಯಿತೆಂದು ಕೇಳುವವರಿಲ್ಲ. ಊಟದ ತಟ್ಟೆಯನ್ನು ಬಾಗಿಲ ಹೊರಗೆ ಇಡುವ ತಾಯಿ ಒಂದು ಇಲಾಖೆಯ ಪ್ರತಿಷ್ಠೆಗೆ ತೆತ್ತ ಬೆಲೆ ಎಷ್ಟೆಂಬುದನ್ನು ಯಾವ ವಿಚಾರಣಾ ಆಯೋಗವೂ ಲೆಕ್ಕ ಹಾಕದು. ಕೊಂದವನು ಯಾರೆಂಬ ಪ್ರಶ್ನೆಗೂ ಕಾದಂಬರಿ ಕೊನೆಯಲ್ಲಿ ಉತ್ತರ ಕೊಡುತ್ತದೆ, ಬೆರಗಾಗುವಂತೆಯೇ ಕೊಡುತ್ತದೆ. ಅದನ್ನು ಇಲ್ಲಿ ಹೇಳಿ ನಿಮ್ಮ ಓದಿನ ಸುಖ ಕೆಡಿಸುವುದಿಲ್ಲ.

ಸ್ವೀಡನ್ನಿನ ಸಂಗಾತಿ ಲೇಖಕರಾದ ಶೋವಾಲ್ ಮತ್ತು ವಾಲೂ 1965ರಿಂದ 1975ರವರೆಗೆ ಬರೆದ ಮಾರ್ಟಿನ್ ಬೆಕ್ ಸರಣಿಯ ಹತ್ತು ಕಾದಂಬರಿಗಳಲ್ಲಿ 1971ರದೊಂದು ಇದೇ ದಿಕ್ಕಿನದು. ಅಲ್ಲಿ ಸಾಯುವವನು ಕ್ರೂರಿಯೆಂದು ಹೆಸರಾದ ಪೊಲೀಸ್ ಅಧಿಕಾರಿ, ಕೊಂದವನು ಮಾಜಿ ಪೊಲೀಸ್. ಅವನ ಹೆಂಡತಿ ಮಧುಮೇಹದ ರೋಗಿ. ಕುಡಿದಿದ್ದಾಳೆಂದು ಲಾಕಪ್ಪಿಗೆ ಹಾಕಿದಾಗ ಸತ್ತಿದ್ದಳು. ಅವನು ಕೊಟ್ಟ ದೂರುಗಳೆಲ್ಲ ಕ್ರಮದ ಅಗತ್ಯವಿಲ್ಲವೆಂಬ ಷರಾದೊಂದಿಗೆ ಕಡತ ಸೇರಿದ್ದವು. ಮಾರ್ಟಿನ್ ಬೆಕ್ ಸುಳಿವು ಹುಡುಕುವುದು ರಕ್ತದ ಕಲೆಯಲ್ಲಿ ಅಲ್ಲ, ಆ ಕಡತದಲ್ಲಿ.

ಇಲ್ಲೊಂದು ಆಕ್ಷೇಪಣೆಗೆ ಉತ್ತರಿಸಬೇಕು. ಅಮಾನತಾದವರೆಲ್ಲ ಮುಗ್ಧರೇ? ಖಂಡಿತ ಅಲ್ಲ. ಲಾಕಪ್ಪಿನಲ್ಲಿ ಹೊಡೆದವನನ್ನು, ಲಂಚ ತಿಂದು ಮಹಜರು ತಿದ್ದಿದವನನ್ನು ಬಲಿಪಶು ಎಂದು ಕರೆದರೆ ಹೊಡೆಸಿಕೊಂಡವನಿಗೆ ದ್ರೋಹವಾಗುತ್ತದೆ. ಅಮೆರಿಕದ ಜೇಮ್ಸ್ ಎಲ್ರಾಯ್ 1990ರ ‘ಎಲ್.ಎ. ಕಾನ್ಫಿಡೆನ್ಷಿಯಲ್’ನಲ್ಲಿ ಈ ಗಂಟನ್ನು ಬಿಚ್ಚದೆ ಹಾಗೆಯೇ ನಮ್ಮ ಕೈಗಿಡುತ್ತಾರೆ. 1951ರ ಕ್ರಿಸ್‌ಮಸ್ ವೇಳೆ ಲಾಸ್ ಏಂಜಲೀಸ್ ಪೊಲೀಸರು ಬಂದಿಗಳನ್ನು ಥಳಿಸಿದ್ದು ನಿಜವಾಗಿ ನಡೆದ ಘಟನೆ. ಕಾದಂಬರಿಯಲ್ಲಿ ಸ್ಟೆನ್ಸ್‌ಲ್ಯಾಂಡ್ ಎಂಬಾತ ಕೆಲಸ ಕಳೆದುಕೊಂಡು ಜೈಲಿಗೆ ಹೋಗುತ್ತಾನೆ. ಆತ ಹೊಡೆದದ್ದು ಸುಳ್ಳಲ್ಲ. ಆದರೆ ಅವನನ್ನು ಆರಿಸಿದ್ದು ಇಲಾಖೆಗೆ ಆತ ಬೇಡವಾಗಿದ್ದರಿಂದ. ಸಾಕ್ಷಿ ಹೇಳಿದ ಸಹೋದ್ಯೋಗಿ ಎಕ್ಸ್ಲಿಗೆ ಸಿಕ್ಕಿದ್ದು ಬಡ್ತಿ. ಬಲಿಪಶು ತಪ್ಪಿತಸ್ಥನೂ ಆಗಿರಬಹುದು. ಅವನೊಬ್ಬನೇ ತಪ್ಪಿತಸ್ಥನೆಂದು ನಂಬಿಸುವಲ್ಲಿ ವಂಚನೆಯಿದೆ. ಮುಗ್ಧ ಅಧಿಕಾರಿಯ ಕಣ್ಣೀರಿನ ಕಥೆ ಬರೆಯುವುದು ಸುಲಭ. ತಪ್ಪು ಮಾಡಿದವನಿಗೇ ಅನ್ಯಾಯವಾಗುವ ಕಥೆ ಬರೆಯಲು ಎಲ್ರಾಯ್‌ಗಿರುವಂಥ ಗಟ್ಟಿ ಕೈ ಬೇಕು.

ಕನ್ನಡದಲ್ಲಿ ಈ ಕೈ ಆಗಾಗ ಕಂಡಿದೆ. ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ (1985) ಕೆಸರೂರಿಗೆ ತನಿಖೆಗೆ ಬರುವ ಶ್ಯಾಮನಂದನ ಅಂಗಡಿ ಊರಿನ ಗೋಜಲಿನಲ್ಲಿ ತಾನೇ ಕಳೆದುಹೋಗುತ್ತಾನೆ. ಏಲಕ್ಕಿ, ಜಾತಿ, ಪ್ರೇಮ, ಪಿತೂರಿ ಎಲ್ಲ ಕಲಸಿದ ಆ ಊರಿನಲ್ಲಿ ಹೊಣೆ ಹೊರಿಸುವುದೇ ಒಂದು ಸಾರ್ವಜನಿಕ ಉದ್ಯೋಗ. ಎಚ್.ಕೆ. ಅನಂತರಾವ್ ಅವರ ‘ಅಂತ’ 1981ರಲ್ಲಿ ಚಿತ್ರವಾದಾಗ ಎದ್ದ ಗದ್ದಲ ನಿಮಗೆ ನೆನಪಿರಬಹುದು. ಅಪರಾಧದ ಬೇರು ಅಧಿಕಾರಸ್ಥರ ಮನೆಯಂಗಳದಲ್ಲೇ ಇದೆಯೆಂದು ಅದು ತೋರಿಸಿತು. 2019ರ ‘ಬೆಲ್ ಬಾಟಂ’ ಪತ್ತೇದಾರಿ ಹುಚ್ಚಿನ ಕಾನ್‌ಸ್ಟೆಬಲ್ ದಿವಾಕರನನ್ನು ಠಾಣೆಗಳಲ್ಲೇ ಆಗುವ ಕಳ್ಳತನದ ಹಿಂದೆ ಓಡಿಸಿತು. ನಗಿಸುತ್ತಲೇ, ಇಲಾಖೆಯ ಕೆಳತುದಿಯಲ್ಲಿರುವವನಿಗೂ ತಲೆಯಿದೆ ಎಂದಿತು.

ಅದೇ ವರ್ಷದ ‘ಕವಲುದಾರಿ’ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. ಹೇಮಂತ್ ರಾವ್ ನಿರ್ದೇಶನದ ಈ ಚಿತ್ರದಲ್ಲಿ ಶ್ಯಾಮ್ ಟ್ರಾಫಿಕ್ ಪೊಲೀಸ್. ಕ್ರೈಂ ವಿಭಾಗಕ್ಕೆ ಹೋಗಬೇಕೆಂಬ ಆಸೆ. ನೆಲ ಅಗೆಯುವಾಗ ಅಸ್ಥಿಪಂಜರಗಳು ಸಿಗುತ್ತವೆ. ಅವು ತುರ್ತು ಪರಿಸ್ಥಿತಿಯ ಕಾಲದ ಕಣ್ಮರೆ ಪ್ರಕರಣವೊಂದಕ್ಕೆ ಸೇರಿದವು. ನಿಧಿ ಕದ್ದು ಕುಟುಂಬದೊಂದಿಗೆ ಪರಾರಿಯಾದನೆಂದು ಪುರಾತತ್ವ ಇಲಾಖೆಯ ಒಬ್ಬ ಅಧಿಕಾರಿಯ ಮೇಲೆ ಹೊರಿಸಿ ಕಡತ ಮುಚ್ಚಲಾಗಿತ್ತು. ಓಡಿಹೋದವನಿಗಿಂತ ಅನುಕೂಲದ ಆರೋಪಿ ಇನ್ನಾರು? ಅವನು ಉತ್ತರ ಬರೆಯಲಾರ. ಆ ಕೇಸಿನಲ್ಲಿ ಸೋತು, ಕುಡಿತಕ್ಕೆ ಬಿದ್ದ ನಿವೃತ್ತ ಅಧಿಕಾರಿ ಮುತ್ತಣ್ಣನ ಪಾತ್ರದಲ್ಲಿ ಅನಂತ್ ನಾಗ್ ಇದ್ದಾರೆ. ತನಿಖೆಯ ಅಧಿಕಾರವೇ ಇಲ್ಲದವನು ತನಿಖೆ ಮಾಡುತ್ತಾನೆ, ಅಧಿಕಾರವಿದ್ದಾಗ ಮಾಡಲಾಗದೆ ಹೋದವನು ಅವನಿಗೆ ದಾರಿ ತೋರುತ್ತಾನೆ. ಕನ್ನಡದ ಪತ್ತೇದಾರ ಕಡೆಗೂ ಒಂದು ಮೇಜು, ಒಬ್ಬ ಮೇಲಧಿಕಾರಿ, ಒಂದು ಹಳೆಯ ಸೋಲು ಇರುವ ಮನುಷ್ಯನಾದ.

ಕಥನದ ಈ ಬದಲಾವಣೆಗೆ ಹೊರಗಿನ ಕಾರಣಗಳೂ ಇವೆ. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತನಿಖೆಯನ್ನು ಕಾನೂನು ಸುವ್ಯವಸ್ಥೆಯ ಕೆಲಸದಿಂದ ಬೇರ್ಪಡಿಸಬೇಕು, ವರ್ಗಾವಣೆಗೆ ಮಂಡಳಿ ಬೇಕು, ಹುದ್ದೆಯಲ್ಲಿ ನಿಗದಿತ ಅವಧಿ ಬೇಕು ಎಂದಿತು. ಎಲ್ಲ ರಾಜ್ಯಗಳೂ ಇವನ್ನು ಪೂರ್ತಿ ಮನಸ್ಸಿನಿಂದ ಒಪ್ಪಿದ್ದರೆ ನನ್ನ ಉಪನ್ಯಾಸಕ್ಕೆ ವಿಷಯ ಕಡಿಮೆಯಾಗುತ್ತಿತ್ತು. ಬೆಂಗಳೂರಿನ ಠಾಣೆಯ ಇನ್ಸ್‌ಪೆಕ್ಟರ್ ಬೆಳಿಗ್ಗೆ ಮೆರವಣಿಗೆಯ ಬಂದೋಬಸ್ತಿನಲ್ಲಿ, ಮಧ್ಯಾಹ್ನ ಕೋರ್ಟಿನಲ್ಲಿ, ರಾತ್ರಿ ಗಸ್ತಿನಲ್ಲಿ ಇದ್ದು, ಉಳಿದ ಹೊತ್ತಿನಲ್ಲಿ ಕೊಲೆ ಪತ್ತೆ ಮಾಡಬೇಕು. ಇನ್ನೊಂದು ತೀರ್ಪು 2014ರ ಜನವರಿಯದು, ಗುಜರಾತಿನ ಕಿಶನ್‌ಭಾಯ್ ಪ್ರಕರಣ. ಆರೋಪಿ ಖುಲಾಸೆಯಾದಾಗ ಲೋಪ ಯಾರದೆಂದು ಪರಿಶೀಲಿಸಿ, ತಪ್ಪಿತಸ್ಥ ತನಿಖಾಧಿಕಾರಿ ಅಥವಾ ಅಭಿಯೋಜಕರ ಮೇಲೆ ಇಲಾಖಾ ಕ್ರಮ ಕೈಗೊಳ್ಳಬೇಕೆಂದು ನ್ಯಾಯಾಲಯ ಹೇಳಿತು. ಒಂದು ಮಗುವಿನ ಕೊಲೆಯ ಕೇಸು ಕಳಪೆ ತನಿಖೆಯಿಂದ ಬಿದ್ದುಹೋದ ನೋವಿನಲ್ಲಿ ಬಂದ ಮಾತು. ಉದ್ದೇಶದ ಬಗ್ಗೆ ತಕರಾರಿಲ್ಲ. ಆದರೆ ಪರಿಶೀಲನೆ ಕಡತ ನೋಡಿ ನಡೆಯುತ್ತದೆ, ಕಡತದಲ್ಲಿರುವುದು ಕೆಳಗಿನ ಸಹಿಗಳು. ಮೊದಲ ತೀರ್ಪು ಅರ್ಧಕ್ಕೆ ನಿಂತಿರುವಾಗ ಎರಡನೆಯದನ್ನು ಮಾತ್ರ ಜಾರಿ ಮಾಡಿದರೆ ಫಲ ಏನೆಂದು ಊಹಿಸಲು ಪತ್ತೇದಾರ ಬೇಕಿಲ್ಲ.

2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಕರ್ನಾಟಕದ ಪೊಲೀಸ್ ಸಿಬ್ಬಂದಿಗೆ ಕರೆ ಹೋದದ್ದನ್ನು ಇದರೊಂದಿಗೆ ನೆನೆಯಬೇಕು. ಸಂಬಳ, ರಜೆ, ಆರ್ಡರ್ಲಿ ಪದ್ಧತಿಯ ಜೊತೆಗೆ ಮೇಲಧಿಕಾರಿಗಳ ಕಿರುಕುಳವೂ ಬೇಡಿಕೆಗಳ ಹಿಂದಿತ್ತು. ಸರ್ಕಾರ ಬಿಗಿ ಮಾಡಿತು, ಮುಷ್ಕರ ನಡೆಯಲಿಲ್ಲ, ಬಳಿಕ ಪೊಲೀಸರ ಸಂಬಳದ ಬಗ್ಗೆ ಔರಾದ್ಕರ್ ಸಮಿತಿಯ ವರದಿ ಬಂತು. ಠಾಣೆಯ ಒಳಗಿನ ಮಾತು ಆ ಕೆಲವು ವಾರ ಬೀದಿಗೆ ಕೇಳಿಸಿತು. ಕಾದಂಬರಿಕಾರರು ಇನ್ನಷ್ಟು ಕಿವಿಗೊಡಬಹುದಿತ್ತು. ಡಿ.ವಿ. ಗುರುಪ್ರಸಾದ್ ಅವರಂಥ ನಿವೃತ್ತ ಹಿರಿಯ ಅಧಿಕಾರಿಗಳು ಕನ್ನಡದಲ್ಲಿ ಬರೆದು ದೊಡ್ಡ ಉಪಕಾರ ಮಾಡಿದ್ದಾರೆ. ದಫೇದಾರರೊಬ್ಬರ, ರೈಟರೊಬ್ಬರ ಆತ್ಮಕಥೆ ಅದೇ ಕಪಾಟಿನಲ್ಲಿ ಕೂರುವುದು ಯಾವಾಗಲೋ.

ಕೊನೆಯದಾಗಿ ಒಂದು ಹೊಸ ಬೆಳವಣಿಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಮಿನ ಪ್ರಕಾರ ಶೋಧ ಮತ್ತು ವಶಪಡಿಕೆಯನ್ನು ಆಡಿಯೊ-ವಿಡಿಯೊದಲ್ಲಿ, ಸಾಧ್ಯವಾದಷ್ಟೂ ಮೊಬೈಲ್ ಫೋನಿನಲ್ಲೇ, ಚಿತ್ರೀಕರಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಅದಕ್ಕಾಗಿ ಇ-ಸಾಕ್ಷ್ಯ ಎಂಬ ಆ್ಯಪ್ ಬಂದಿದೆ. ಇದು ನ್ಯಾಯಕ್ಕೆ ಒಳ್ಳೆಯದು. ಮನೆಯಲ್ಲೇ ಕೂತು ಬರೆದ ಮಹಜರುಗಳ ಕಾಲ ಮುಗಿಯಬೇಕು. ಆದರೆ ನಮ್ಮ ವಿಷಯದ ಕಣ್ಣಿನಿಂದ ನೋಡಿದರೆ, ಬಾಯಿಮಾತಿನ ಆದೇಶ ಇನ್ನೂ ಬಾಯಿಮಾತಿನಲ್ಲೇ ಇದೆ. ಬರಹದ ಪಕ್ಕದಲ್ಲಿ ಚಿತ್ರವೊಂದು ಸೇರಿಕೊಂಡಿದೆ. ‘ಅಲ್ಲಿ ಶೋಧ ಬೇಡ’ ಎಂದ ಫೋನ್ ಕರೆ ಆ ಆ್ಯಪಿನಲ್ಲಿ ಬರುವುದಿಲ್ಲ. ಶೋಧದ ಮನೆಯಲ್ಲಿ ಫೋನ್ ಎತ್ತಿ ಹಿಡಿಯುವ ಕೈ ಬಹುಮಟ್ಟಿಗೆ ಒಬ್ಬ ಕಾನ್‌ಸ್ಟೆಬಲ್‌ನದೇ ಆಗಿರುತ್ತದೆ. ಚಾರ್ಜ್ ಇಳಿದು, ನೆಟ್‌ವರ್ಕ್ ಸಿಗದೆ, ನಡುವೆ ಬಂದ ಸಾಹೇಬರ ಕರೆಗೆ ರೆಕಾರ್ಡಿಂಗ್ ನಿಂತು, ಮೂರು ವರ್ಷದ ನಂತರ ಅದೇ ಕಾರಣಕ್ಕೆ ಕೇಸು ಬಿದ್ದರೆ, ಮೊದಲ ಮೆಮೊ ಯಾರ ಹೆಸರಿಗೆ ಟೈಪಾಗುತ್ತದೆ ಎಂಬುದನ್ನು ಕನ್ನಡದ ಮುಂದಿನ ಪತ್ತೇದಾರಿ ಕಾದಂಬರಿಕಾರರು ಈಗಲೇ ಬರೆಯತೊಡಗಬಹುದು. ಹಿಯೋಶಿಯ ಹಾಗೆ ಬಾಗಿಲು ಹಾಕಿಕೊಳ್ಳಲು ಅವನಿಗೆ ಪೊಲೀಸ್ ಕ್ವಾರ್ಟರ್ಸಿನಲ್ಲಿ ಇನ್ನೊಂದು ಕೋಣೆ ಇರುತ್ತದೆಯೇ ಎಂಬುದನ್ನೂ ಅವರು ವಿಚಾರಿಸಿಕೊಳ್ಳಬೇಕಾಗುತ್ತದೆ.